ಬದನೆ ಸಸಿಗೆ ಬಿಸಿಲು ರೂಢಿಯಾದದ್ದು

ಸುಳಿಯ ಅನ್ನುವವನು ಮೊದಲ ಸಲ ಹೊರಟದ್ದು ಒಂದು ಭಾನುವಾರ. ಲೋಕ ಆಗಿನ್ನೂ ಹಸಿಹಸಿ. ಬೆಟ್ಟಗಳು ಆರಿರಲಿಲ್ಲ, ಹೊಳೆಗಳಿಗೆ ದಾರಿ ಗೊತ್ತಿರಲಿಲ್ಲ, ವಾರಗಳಿಗೆ ಹೆಸರಿರಲಿಲ್ಲ. ಆದರೆ ಮೋಡ ಸರಿದು ಸೂರ್ಯ ಮೊಟ್ಟಮೊದಲು ನೆಲಕ್ಕೆ ಮುಖ ತೋರಿಸಿದ್ದು ಅವತ್ತೇ. ಅಂದಮೇಲೆ ಭಾನುವಾರವೇ ಇರಬೇಕು.

ಅವನ ಮನೆ ಇದ್ದದ್ದು ಬದನೆ ಸಸಿಯ ಎಳೆ ಎಲೆಯೊಳಗೆ. ಎಲೆಯ ತುಂಬ ಕಣ್ಣಿಗೆ ಕಾಣದಷ್ಟು ಪುಟ್ಟ ಪುಟ್ಟ ಮನೆಗಳು. ಸುಳಿಯನ ಮನೆಯ ಅಂಗಳದಲ್ಲಿ ಬಿಸಿಲಿನಿಂದ ಅಡುಗೆ ಬೇಯುವ ಹಸಿರು ಒಲೆ. ನಡುವೆ ಒಂದು ಒಳಕೋಣೆ. ಕೋಣೆಯಲ್ಲಿ ಗಂಟುಗಂಟಿನ ಉದ್ದನೆಯ ಹಗ್ಗ. ಒಂದೊಂದು ಗಂಟು ಜಗ್ಗಿದರೆ ಮನೆಗೆ ಬೇಕಾದದ್ದು ಒಂದೊಂದು ಹುಟ್ಟುತ್ತಿತ್ತು.

ಸುಳಿಯನ ಕಾಲು ನಿಂತಲ್ಲಿ ನಿಲ್ಲುವಂಥದ್ದಲ್ಲ. ಅವನ ಜೀವವೆಲ್ಲ ಆ ಒಳಕೋಣೆಯ ಕಡೆಗೆ. ಆದರೆ ಅಂಗಳದಲ್ಲಿ ಹಿಡಿಯಜ್ಜಿ ಅವನ ಪಂಚೆಯ ಚುಂಗು ಹಿಡಿದು ಕೂತಿರುತ್ತಿದ್ದಳು. ಅಜ್ಜಿಗೆ ಕಣ್ಣು ಮಂಜು. ಲೋಕ ಅವಳಿಗೆ ತಿಳಿಯುತ್ತಿದ್ದದ್ದೆಲ್ಲ ಅಂಗೈಯಿಂದ.

"ಬಿಡಜ್ಜಿ, ಒಂದು ಸುತ್ತು ಹೋಗಿ ಬರ್ತೀನಿ."

"ಹೋದೋನಿಗೆ ಬರೋದು ಗೊತ್ತಿದ್ರೆ ಬಿಡ್ತಿದ್ದೆ. ಕೂತ್ಕೋ."

"ಕೂತೂ ಕೂತೂ ಬೇರು ಬಿಡ್ತಿದೀನಿ ನಾನು."

"ಗಿಡದ ಮನೇಲಿ ಹುಟ್ಟಿ ಬೇರು ಬಿಡೋಕೆ ನಾಚಿಕೆಯೇನೋ?"

ಆ ಭಾನುವಾರ ಬಿಸಿಲು ಒಲೆಗೆ ಸುರಿಯಿತು. ಅಡುಗೆಗೆ ಬೇಕಾದದ್ದಕ್ಕಿಂತ ಹೆಚ್ಚು ಬಿಸಿಲು ಬಿದ್ದರೆ ಹಸಿರು ಒಲೆ ಕಿಡಿ ಉಗುಳುತ್ತದೆ. ಒಂದು ಕಿಡಿ ಹಾರಿ ಅಜ್ಜಿಯ ಕೈಗೆ ತಗುಲಿತು. ಚುರ್ರೆಂದಿತು. ಕೈ ಬಿಟ್ಟಳು.

ಸುಳಿಯ ನಿಂತಾನೆಯೇ? ಒಳಕೋಣೆಗೆ ನುಗ್ಗಿದ, ಹಗ್ಗ ತಡವಿದ, ಕೈಗೆ ಒಪ್ಪಿದ ಗಂಟನ್ನು ಜಗ್ಗಿದ. ಡೊಳ್ಳು ಹೊಟ್ಟೆಯ, ಅಗಲ ಬಾಯಿಯ ಕಿಡಿನುಂಗರೆಂಬ ಆಳುಗಳು ಅಂಗಳಕ್ಕೆ ದುಡುದುಡು ಬಂದರು. ಕಿಡಿ ನುಂಗಿದರು, ನೀರು ಉಗುಳಿದರು. ಕಿಡಿ ನುಂಗಿದರು, ನೀರು ಉಗುಳಿದರು. ಮನೆ ಉಳಿಯಿತು.

ಬಿಸಿಲು ಇಳಿಯಿತು, ಕಿಡಿ ನಿಂತಿತು. ಸುಳಿಯ ಮಾತ್ರ ನಿಲ್ಲಲಿಲ್ಲ. ಜಗ್ಗಿದ, ಮತ್ತೆ ಜಗ್ಗಿದ. ಕಿಡಿನುಂಗರು ಸಂತೆಯಂತೆ ನೆರೆದರು. ಕೆಲಸವಿಲ್ಲದ ಹೊಟ್ಟೆಗಳು, ಮನೆಯಲ್ಲಿದ್ದ ಅನ್ನವನ್ನೆಲ್ಲ ಬಳಿದು ತಿಂದವು. ಸಸಿ ಸೊರಗಿ ನಿಂತಿತು, ಹೊಸ ಎಲೆ ಬಿಡಲಿಲ್ಲ.

ಅಜ್ಜಿ ತಡವುತ್ತ ಬಂದು ಅವನನ್ನು ಎಳೆದುಕೊಂಡು ಹೋದಳು. "ಮನೆ ಉಳಿಸಿದೆ ಅಂತ ಮನೇನೇ ಉಣ್ಣಿಸಿಬಿಡ್ತೀಯಾ?"

ಸುಟ್ಟ ಕೈ ಉರಿಯುತ್ತಿತ್ತು. ಅಜ್ಜಿ ಅದಕ್ಕೆ ಅರಿಸಿನ ಮೆತ್ತಿ, ಒದ್ದೆ ಬಟ್ಟೆಯನ್ನು ಪದರದ ಮೇಲೆ ಪದರ ಸುತ್ತಿದಳು. ಉರಿ ಹೋದಮೇಲೂ ಬಿಚ್ಚಲಿಲ್ಲ. ಆ ಕೈಯಲ್ಲೇ ಪಂಚೆ ಹಿಡಿದಳು.

"ಇನ್ನು ಯಾವ ಕಿಡಿ ಬಿದ್ರೂ ನೀನು ತಪ್ಪಿಸ್ಕೊಳ್ಳೋ ಹಾಗಿಲ್ಲ."

ಸುಳಿಯ ಸುಮ್ಮನಿರುವವನಲ್ಲ. ದಿನಾ ಬೆಳಗಾದರೆ, "ಅಜ್ಜಿ, ಕಿಡಿ" ಅನ್ನುವನು. ಅಜ್ಜಿ ತಡವಿ ನೋಡುವಳು. ಕಿಡಿಯಿಲ್ಲ. "ಅಜ್ಜಿ, ಕಿಡಿ." ಕಿಡಿಯಿಲ್ಲ. ಆಮೇಲಾಮೇಲೆ ಅವಳು ತಡವುವುದನ್ನೂ ಬಿಟ್ಟಳು.

ಒಂದು ದಿನ ಸೂರ್ಯ ಮೋಡವನ್ನು ಪೂರಾ ಸರಿಸಿ ನೆತ್ತಿಗೆ ಬಂದ. ಒಲೆ ಭಗ್ಗೆಂದಿತು. ಕಿಡಿ ಮಳೆಯಾಯಿತು.

"ಅಜ್ಜಿ, ಕಿಡಿ."

"ಹೂಂ, ನಿನ್ನೆಯೂ ಬಿದ್ದಿತ್ತು."

"ಈ ಸಲ ನಿಜ ಕಣಜ್ಜಿ. ನಿನ್ನ ಕೈ ಮೇಲೇ ಬೀಳ್ತಿದೆ."

"ನಂಗೇನೂ ಗೊತ್ತಾಗ್ತಿಲ್ವಲ್ಲ."

ಸುಳಿಯ ಎಳೆದಾಡಿದ. ಅಜ್ಜಿ ಬಿಡಲಿಲ್ಲ. ಪಕ್ಕದ ಮನೆಗಳು ಕಂದಿದವು, ಎಲೆಯ ಅಂಚು ಕಂದು ಬಣ್ಣಕ್ಕೆ ತಿರುಗಿತು. ಸುಮ್ಮನೆ ಹಾದು ಹೋಗುತ್ತಿದ್ದ ಗಾಳಿ ಎಲೆಯ ಬಳಿ ನಿಂತು ಮೂಗೆಳೆಯಿತು.

"ಏನಜ್ಜಿ, ಏನು ಹೊತ್ತಿಸ್ತಿದ್ದೀಯಾ? ನಿಮ್ಮ ಎಲೆ ಸೀದ ವಾಸನೆ ನಾಕು ಹೊಲದಾಚೆಗೆ ಬರ್ತಿದೆ."

ಅಜ್ಜಿ ಹಲ್ಲಿನಲ್ಲಿ ಕಚ್ಚಿ ಕೈಯ ಬಟ್ಟೆ ಬಿಚ್ಚಿದಳು. ಪದರದ ಮೇಲೆ ಪದರ ಕಳಚಿತು. ಬರಿಗೈ ಮೇಲೆ ಮೊದಲ ಕಿಡಿ ಬಿತ್ತು.

"ಹೋಗು ಮಗಾ," ಅಂದಳು. "ಓಡು."

ಅಜ್ಜಿ ತಾನಾಗಿ ಹೋಗು ಅಂದದ್ದು ಅದೇ ಮೊದಲು. ಸುಳಿಯನಿಗೆ ಒಂದು ಗಳಿಗೆ ಕಾಲೇ ಏಳಲಿಲ್ಲ. ಆಮೇಲೆ ಓಡಿದ. ಅದೇ ಗಂಟು ಜಗ್ಗಿದ. ಕಿಡಿನುಂಗರು ದುಡುದುಡು ಬಂದರು. ಕಿಡಿ ನುಂಗಿದರು, ನೀರು ಉಗುಳಿದರು. ಅಂಚು ಹೋಗಿತ್ತು, ನಡು ಎಲೆ ಉಳಿಯಿತು, ಸಸಿ ಉಳಿಯಿತು.

ಕಿಡಿಯ ಸದ್ದು ನಿಂತದ್ದು ಒಳಕೋಣೆಗೂ ತಿಳಿಯಿತು. ಸುಳಿಯನ ಕೈ ಹಗ್ಗದ ಮೇಲೇ ಇತ್ತು. ಇನ್ನೊಂದು ಸಲ ಜಗ್ಗುವ ಆಸೆ ಬೆರಳಲ್ಲಿ ತುರಿಸುತ್ತಿತ್ತು. ಬಿಟ್ಟ. ಅಂಗಳಕ್ಕೆ ಬಂದು ಪಂಚೆಯ ಚುಂಗನ್ನು ತಾನೇ ಅಜ್ಜಿಯ ಬೊಬ್ಬೆಯೆದ್ದ ಕೈಗಿಟ್ಟ.

"ಹಿಡ್ಕೋ. ಗಟ್ಟಿಯಾಗಿ ಬೇಡ, ನೋವಾಗುತ್ತೆ ನಿಂಗೆ."

"ಇನ್ನು ಈ ಕೈಗೆ ಬಟ್ಟೆ ಸುತ್ತಲ್ಲ," ಅಂದಳು ಅಜ್ಜಿ. ಆಮೇಲೆ ಗಾಳಿಯನ್ನು ಕರೆದಳು. "ಆ ಸೂರ್ಯನಿಗೊಂದು ಮಾತು ಹೇಳಪ್ಪ. ಎಳೆ ಮನೆಗೆ ಒಮ್ಮೆಲೇ ಬರಬೇಡ ಅನ್ನು. ಬೆಳಗ್ಗೆ ಬೆಳಗ್ಗೆ ಇಷ್ಟಿಷ್ಟೇ ಬಾ ಅನ್ನು. ನನ್ನ ಕೈ ಬೆಚ್ಚಗಾದ್ರೆ ಸಾಕು, ಇವನನ್ನ ಬಿಡ್ತೀನಿ. ದೊಡ್ಡ ಬಿಸಿಲು ಬರೋ ಹೊತ್ತಿಗೆ ಮನೇಲಿ ಕಿಡಿನುಂಗರು ಸಿದ್ಧ ಇರ್ತಾರೆ."

ಗಾಳಿ ಹೇಳಿತು. ಸೂರ್ಯ ಕೇಳಿದನೋ ಇಲ್ಲವೋ, ಬದನೆ ಬೆಳೆಯುವವರು ಕೇಳಿಸಿಕೊಂಡರು.

ಅದಕ್ಕೇ ಮಗೂ, ಇವತ್ತಿಗೂ ಸದಾ ಮರೆಯಲ್ಲೇ ಇಟ್ಟ ಸಸಿಯನ್ನು ಒಮ್ಮೆಲೇ ಬಿಸಿಲಿಗೆ ನೆಟ್ಟರೆ ಎಲೆ ಸುಟ್ಟುಹೋಗುತ್ತದೆ. ಸಸಿ ಮಡಿಯ ಮೇಲಿನ ತೆಂಗಿನ ಗರಿಯನ್ನು ದಿನಾ ಬೆಳಗ್ಗೆ ಇಷ್ಟಿಷ್ಟೇ ಸರಿಸಿ ಬೆಳೆಸಿದರೆ ಅದೇ ಸಸಿ ನೆತ್ತಿ ಬಿಸಿಲಿಗೂ ತಲೆಯೆತ್ತಿ ನಿಲ್ಲುತ್ತದೆ. ನಾಳೆ ಅಮ್ಮ ಗರಿ ಸರಿಸುವಾಗ ಬಗ್ಗಿ ನೋಡು. ಎಲೆಯೊಳಗೆ ಹಿಡಿಯಜ್ಜಿಯ ಬರಿಗೈ ಬೆಚ್ಚಗಾಗುತ್ತಿರುತ್ತದೆ, ಸುಳಿಯ ಪಂಚೆ ಎತ್ತಿ ಕಟ್ಟಿ, ಬುತ್ತಿಗಂಟು ಹೆಗಲಿಗೇರಿಸಿ ಮತ್ತೆ ಹೊರಟು ನಿಂತಿರುತ್ತಾನೆ.