ಹಾಸಿಗೆಯಲ್ಲೇ ಬೆಟ್ಟ ಹತ್ತುವವರು

"ಕೇಳ್ರಪ್ಪೋ ಕೇಳಿ! ಕೊಡಚೂರಿನ ದೊರೆ ವೀರಮಲ್ಲರಾಯರ ಅಪ್ಪಣೆ! ಅರಮನೆಯಲ್ಲಿ ಮೂರು ಒಗಟು ಕೇಳ್ತಾರೆ. ಬಿಡಿಸಿದವರಿಗೆ ಬೇಡಿದ್ದು ಕೊಡ್ತಾರೆ. ತಪ್ಪು ಹೇಳಿದವರ ತಲೆ ತೆಗೀತಾರೆ!"

ಹೀಗೆ ಡಂಗುರ ಹೊಡೆಸಿದ್ದಕ್ಕೆ ಕಾರಣವಿತ್ತು. ಆ ಚಳಿಗಾಲ ಊರಿಗೆ ಎದೆಜ್ವರ ಹೊಕ್ಕಿತ್ತು. ಎಳೆಮಕ್ಕಳ ಎದೆಯಲ್ಲಿ ಕಫ ಕಟ್ಟಿ ಉಸಿರೇ ನಿಲ್ಲುತ್ತಿತ್ತು. ಆಸ್ಥಾನದ ವೈದ್ಯ ನಂಜುಂಡಭಟ್ಟರು ತಮ್ಮ ಕಷಾಯವೇ ಮದ್ದು ಅಂದರು. ಕಡಲಾಚೆಯಿಂದ ಬಂದ ವರ್ತಕ ತನ್ನ ಬಿಳಿ ಪುಡಿಯೇ ಮದ್ದು ಅಂದ. ಇಬ್ಬರೂ ಆಣೆ ಹಾಕುವವರೇ! ದೊರೆಗೆ ದಿಕ್ಕು ತೋಚಲಿಲ್ಲ. ಆಗ ಅವನ ಮಗಳು ಹೊನ್ನಾಂಬೆ, "ಈ ಕಾಯಿಲೆಯ ಗುಟ್ಟು ಬಲ್ಲವರು ಎಲ್ಲಾದರೂ ಇರಬೇಕು, ಹುಡುಕೋಣ" ಅಂತ ತಾನೇ ಒಗಟು ಕಟ್ಟಿದಳು.

ಕಂಬಳಿ ಮಾರಲು ಪೇಟೆಗೆ ಬಂದಿದ್ದ ಕುರಿಗಾಹಿ ಜುಂಜನ ಕಿವಿಗೂ ಡಂಗುರ ಬಿತ್ತು. ಅವನ ಅಕ್ಕನ ಮೊದಲ ಮಗುವನ್ನು ಇದೇ ಜ್ವರ ನುಂಗಿತ್ತು. ಎರಡನೆಯದು ಈಗ ತೊಟ್ಟಿಲಲ್ಲಿದೆ. ಇದಕ್ಕೆ ಮದ್ದು ಯಾವುದು ಅಂತ ತಿಳಿಯದೆ ಹಟ್ಟಿಗೆ ಹೋಗಲು ಅವನಿಗೆ ಮನಸ್ಸು ಬರಲಿಲ್ಲ. ಕಂಬಳಿ ಹೆಗಲಿಗೆ ಹಾಕಿಕೊಂಡೇ ಅರಮನೆಯ ಸಾಲಿನಲ್ಲಿ ನಿಂತ.

ಸಾಲಿನ ಮೊದಲಿಗೆ ಒಬ್ಬ ಪಂಡಿತ. ಹೊನ್ನಾಂಬೆ ಕೇಳಿದಳು: "ಹಾಸಿಗೆ ಬಿಟ್ಟು ಏಳದೆ ಬೆಟ್ಟ ಹತ್ತುತ್ತಿರುವವರು ಯಾರು?"

"ಕನಸು ಕಾಣುವವರು, ತಾಯಿ!" ಪಂಡಿತ ಮೀಸೆ ತಿರುವಿದ.

"ಕನಸು ಕಂಡವರಿಗೆ ಏದುಸಿರು ಯಾಕೆ ಬರುತ್ತೆ? ತಪ್ಪು," ಅಂದಳು. ಪಾಪ, ಪಂಡಿತನನ್ನು ಸೆರೆಮನೆಗೆ ನೂಕಿದರು.

ಆಮೇಲೆ ಒಬ್ಬ ಚಿನ್ನದ ವ್ಯಾಪಾರಿ. ಅವನಿಗೆ ಬೇರೆಯೇ ಒಗಟು: "ಬಾಗಿಲಿಲ್ಲದ ಮನೆಯೊಳಗೆ ನೀರು ತುಂಬಿದೆ. ಗೋಡೆ ಒಡೆಯದೆ ಅದನ್ನು ತಿಳಿಯೋದು ಹೇಗೆ?"

"ಇದೇನು ಮಹಾ! ತೆಂಗಿನಕಾಯಿ. ಅಲ್ಲಾಡಿಸಿ ನೋಡಿದರಾಯ್ತು!"

"ಅಲ್ಲಾಡಿಸಿದರೆ ನನ್ನ ಮನೆ ಬಿದ್ದೇ ಹೋಗುತ್ತೆ," ಅಂದಳು ಹೊನ್ನಾಂಬೆ. ಅವನೂ ಪಂಡಿತನ ಜೊತೆ ಸೇರಿಕೊಂಡ. ಸಾಲಿನಲ್ಲಿದ್ದವರೆಲ್ಲ ಮೆಲ್ಲಗೆ ಜಾಗ ಖಾಲಿ ಮಾಡಿದರು. ಉಳಿದವನು ಜುಂಜ ಒಬ್ಬನೇ.

ಅವನು ಮುಂದೆ ಬಂದ. ಪಂಡಿತನಿಗೆ ಕೇಳಿದ ಒಗಟನ್ನೇ ಮೊದಲು ಎತ್ತಿಕೊಂಡ: "ಬೆಟ್ಟ ಹತ್ತೋದು ಎದೆಜ್ವರದ ಮಗು, ತಾಯಿ. ಮಲಗಿದ್ದಲ್ಲೇ ಬೆಟ್ಟ ಹತ್ತಿದವರ ಹಾಗೆ ಏದುಸಿರು ಬಿಡುತ್ತೆ. ಬಟ್ಟೆ ಸರಿಸಿ ನೋಡಿದ್ರೆ ಪಕ್ಕೆ ಒಳಕ್ಕೆ ಸೆಳೀತಿರುತ್ತೆ."

"ನೀರು ತುಂಬಿದ ಮನೆ?"

"ಅದೇ ಮಗುವಿನ ಎದೆಗೂಡು. ನಾವು ಮರಿಗಳ ಬೆನ್ನಿಗೆ ಕಿವಿ ಇಟ್ಟು ಕೇಳ್ತೀವಿ, ಬೆರಳಲ್ಲಿ ತಟ್ಟಿ ನೋಡ್ತೀವಿ. ತುಂಬಿದ ಕೊಡದ ಸದ್ದೇ ಬೇರೆ, ಖಾಲಿ ಕೊಡದ ಸದ್ದೇ ಬೇರೆ."

ಹೊನ್ನಾಂಬೆ ಸಿಂಹಾಸನದ ಪಕ್ಕದಿಂದ ಇಳಿದೇ ಬಂದಳು. ಅವನ ಮುಂದೆ ಎರಡು ಮಡಕೆ ಇಡಿಸಿದಳು. ಒಂದರಲ್ಲಿ ಕಷಾಯ, ಇನ್ನೊಂದರಲ್ಲಿ ಬಿಳಿ ಪುಡಿ. "ಮೂರನೆಯದು. ಇವೆರಡರಲ್ಲಿ ಪ್ರಾಣ ಉಳಿಸೋದು ಯಾವುದು?"

ಜುಂಜ ಮಡಕೆಗಳನ್ನು ನೋಡಿದ, ಅವಳನ್ನು ನೋಡಿದ. "ನನಗೆ ಗೊತ್ತಿಲ್ಲ ತಾಯಿ. ಇಲ್ಲಿ ಯಾರಿಗೂ ಗೊತ್ತಿಲ್ಲ."

"ಎಲಾ ಇವನ!" ದೊರೆ ಗುಡುಗಿದ. ತಳವಾರ ಕತ್ತಿಗೆ ಕೈ ಹಾಕಿದ.

"ತಡೀರಿ ಬುದ್ಧಿ! ತಿಳಿಯೋ ದಾರಿ ಗೊತ್ತು. ಒಂದ್ಸಲ ಮರಿಗಳಿಗೆ ಉಬ್ಬಸ ಬಂದಾಗ ನಮ್ಮವ್ವ ಬೇರು ಅರೆದು, ಕರೆದರೆ ಓಡಿ ಬಂದವಕ್ಕೆ ಕುಡಿಸಿದಳು. ಮಲಗಿದ್ದವನ್ನು ಬಿಟ್ಟಳು. ಕುಡಿದವು ಬದುಕಿದವು. ಬೇರು ಭೇಷ್ ಅಂತ ಹಟ್ಟಿಯೆಲ್ಲ ಕುಣೀತು. ಮುಂದಿನ ವರ್ಷ ಮಲಗಿದವಕ್ಕೂ ಕುಡಿಸಿದ್ವಿ, ಸತ್ತೇಹೋದವು. ಓಡಿ ಬರೋ ಕಸುವಿದ್ದವು ಬೇರಿಲ್ಲದಿದ್ರೂ ಬದುಕ್ತಿದ್ದವು, ಅಷ್ಟೇ! ಆರಿಸಿ ಕೊಟ್ಟಿದ್ದೇ ನಮ್ಮ ತಪ್ಪು. ಅದಕ್ಕೆ ಇಲ್ಲಿ ಯಾರೂ ಆರಿಸಬಾರದು. ಗಡಿಗೆಗೆ ಕರಿ ಹರಳು, ಬಿಳಿ ಹರಳು ಹಾಕೋಣ. ತಾಯಂದಿರು ಕಣ್ಣು ಮುಚ್ಚಿ ಎತ್ತಲಿ. ಕರಿ ಬಂದ್ರೆ ಕಷಾಯ, ಬಿಳಿ ಬಂದ್ರೆ ಪುಡಿ. ಯಾವ ಕಡೆ ಹೆಚ್ಚು ಮಕ್ಕಳು ಉಳೀತವೆ ನೋಡೋಣ."

"ಇದೇ ಉತ್ತರ," ಅಂದಳು ಹೊನ್ನಾಂಬೆ. ಕಾಯಿಲೆ ಮಕ್ಕಳನ್ನೆಲ್ಲ ಅರಮನೆಯ ಚಾವಡಿಯಲ್ಲಿ ಮಲಗಿಸಿ, ತಾಯಂದಿರಿಂದ ಹರಳು ಎತ್ತಿಸತೊಡಗಿದರು. ಸೆರೆಯಲ್ಲಿದ್ದವರ ತಲೆಯೂ ಉಳಿಯಿತು. ಮಕ್ಕಳ ಆರೈಕೆಗೆ ಆಳು ಸಾಲದು ಅಂತ ಜುಂಜನೇ ಅವರನ್ನು ಬಿಡಿಸಿಕೊಂಡ. ಪಂಡಿತ ಗಂಜಿ ಕಾಯಿಸಿದ, ವ್ಯಾಪಾರಿ ಸೌದೆ ಹೊತ್ತ.

ಆ ವಾರವೇ ಹೊನ್ನಾಂಬೆಯ ಮಗಳು ಚಂಪಾ ಹಾಸಿಗೆ ಹಿಡಿದಳು. ದೊರೆ ಜುಂಜನನ್ನು ಮೂಲೆಗೆ ಕರೆದ. "ಏ ಜುಂಜಾ, ನನ್ನ ಮೊಮ್ಮಗಳಿಗೆ ಬಿಳಿ ಹರಳೇ ಬರೋ ಹಾಗೆ ಮಾಡೋ. ಪುಡಿಯೇ ವಾಸಿ ಅನ್ನಿಸುತ್ತೆ ನನಗೆ."

"ಗೊತ್ತಿದ್ದಿದ್ರೆ ಮಾಡ್ತಿದ್ದೆ ಬುದ್ಧಿ. ಇನ್ನೂ ಗೊತ್ತಿಲ್ವಲ್ಲ!" ಜುಂಜನ ಕಣ್ಣಲ್ಲಿ ನೀರು ಬಂತು. ದೊರೆ ಬಾಯಿ ತೆರೆಯುವಷ್ಟರಲ್ಲಿ ಹೊನ್ನಾಂಬೆ ಕಣ್ಣು ಮುಚ್ಚಿ ಗಡಿಗೆಗೆ ಕೈ ಹಾಕಿದ್ದಳು. ಬಂದದ್ದು ಕರಿ ಹರಳು. ಅವಳು ಕಷಾಯದ ಬಟ್ಟಲು ಎತ್ತಿಕೊಂಡಳು.

ಚಂಪಾ ಬಹಳ ನರಳಿದಳು. ಆದರೆ, ದೇವರು ದೊಡ್ಡವನು, ಬದುಕಿದಳು.

ಚಳಿ ಕಳೆದ ಮೇಲೆ ಲೆಕ್ಕ ನೋಡಿದರು. ಪುಡಿ ತಿಂದ ಮಕ್ಕಳೇ ಎಷ್ಟೋ ಹೆಚ್ಚು ಉಳಿದಿದ್ದರು. ನಂಜುಂಡಭಟ್ಟರು ಎದ್ದು ನಿಂತರು: "ಅನ್ಯಾಯ! ರಾಜಕುಮಾರಿಯ ಕೂಸೇ ನನ್ನ ಕಷಾಯದಿಂದ ಬದುಕಿಲ್ಲವೇ?"

ಹೊನ್ನಾಂಬೆ ಮಗಳನ್ನು ಎದೆಗೆ ಒತ್ತಿಕೊಂಡಳು. "ಬದುಕಿದಳು ಭಟ್ಟರೇ. ಅವಳ ಪಕ್ಕದಲ್ಲೇ ಮಲಗಿ ಅದೇ ಕಷಾಯ ಕುಡಿದು ಹೋದ ಮಕ್ಕಳ ತಾಯಂದಿರು ಹೊರಗೆ ಕೂತಿದ್ದಾರೆ. ಅವರನ್ನೂ ಕೇಳಿ."  ಭಟ್ಟರು ತಾವೇ ಹೋಗಿ ಕಷಾಯದ ಒಲೆ ಆರಿಸಿದರು.

"ಏನು ಬೇಕೋ ಕೇಳು," ಅಂದ ದೊರೆ. ಜುಂಜ ಅರ್ಧ ರಾಜ್ಯ ಕೇಳಲಿಲ್ಲ. ಕಾಡಂಚಿನ ಹಟ್ಟಿಗಳಿಗೆಲ್ಲ ವರ್ಷವರ್ಷವೂ ಪುಡಿ ತಲುಪಿಸಬೇಕು ಅಂದ. ದೊರೆ ಪುಡಿಯ ಮೂಟೆ ಹೊತ್ತ ಕತ್ತೆಗಳ ಸಾಲನ್ನೇ ಕೊಟ್ಟು, ಊರಬಾಗಿಲವರೆಗೆ ತಾನೇ ನಡೆದು ಬಂದು ಕಳಿಸಿದ.

ಹಟ್ಟಿ ಸೇರಿದಾಗ ಅಕ್ಕನ ಮಗು ಆಗಲೇ ಏದುಸಿರು ಬಿಡುತ್ತಿತ್ತು. ಅಕ್ಕ ಅವನ ಕೈ ಹಿಡಿದುಕೊಂಡಳು. "ಇದು ಮಗುವನ್ನು ಖಂಡಿತ ಉಳಿಸುತ್ತಾ, ಜುಂಜಾ?"

"ಖಂಡಿತ ಅನ್ನಕ್ಕಾಗಲ್ಲ ಅಕ್ಕಾ. ಬೇರೆಯದಕ್ಕಿಂತ ಹೆಚ್ಚು ಮಕ್ಕಳನ್ನು ಉಳಿಸಿದೆ. ಅದು ನಾನೇ ಕಣ್ಣಾರೆ ಕಂಡದ್ದು."

ಅಕ್ಕ ಮಗುವನ್ನು ಮಡಿಲಿಗೆ ಎತ್ತಿಕೊಂಡು, ಪುಡಿಗಾಗಿ ಕೈ ಚಾಚಿದಳು.