ಹೆಬ್ಬಾಯಿಯ ಸತ್ತ ತಾಂಡೇಲ

ಬಹಳ ಬಹಳ ಹಿಂದೆ, ನನ್ನ ಅಜ್ಜನ ಅಜ್ಜಿಗೆ ಹಾಲುಹಲ್ಲು ಮೂಡುವುದಕ್ಕೂ ಮುಂಚೆ, ಕಡಲಂಚಿನಲ್ಲಿ ಕಲ್ಲಕೇಣಿ ಅಂತ ಒಂದು ಊರಿತ್ತಂತೆ. ಊರು ಈಗಲೂ ಇದೆ. ಅರ್ಧವನ್ನು ಕಡಲು ತಿಂದಿದೆ, ಉಳಿದ ಅರ್ಧದಲ್ಲಿ ನಾವಿದ್ದೇವೆ. ಕೂತು ಕೇಳಿ. ನಡುವೆ ಎದ್ದು ಹೋಗುವವರು ಈಗಲೇ ಹೋಗಿಬಿಡಿ, ಇದು ನಗುವ ಕಥೆಯಲ್ಲ.

ಊರಿನ ಮುಂದೆ ಕಡಲು, ಕಡಲಿನಲ್ಲಿ ಬೋಳುಗಲ್ಲು ಅನ್ನುವ ಒಂದು ಬಂಡೆಯ ದ್ವೀಪ, ಅದರಾಚೆಗೆ ಹೆಬ್ಬಾಯಿ. ಭೂಮಿಯ ಮೇಲಿನ ಎಲ್ಲ ಕಡಲಿಗೂ ಇಂಥದ್ದೊಂದು ಜಾಗ ಇರುತ್ತದಂತೆ. ಖರ್ಜೂರ ಹೇರಿಕೊಂಡು ಬರುತ್ತಿದ್ದ ಅರಬರ ಹಡಗಿನವರು ತಮ್ಮ ಕಡೆಯೂ ಒಂದಿದೆ ಅನ್ನುತ್ತಿದ್ದರಂತೆ, ಹೆಸರು ಕೇಳಿದರೆ ಮಾತ್ರ ಗಡ್ಡ ನೀವಿಕೊಂಡು ಮಾತು ಬದಲಿಸುತ್ತಿದ್ದರಂತೆ. ನಮ್ಮ ಹೆಬ್ಬಾಯಿಯಲ್ಲಿ ಅಲೆ ಏಳುವುದಿಲ್ಲ. ಅದೇ ಅದರ ಮೋಸ. ಸುತ್ತಲಿನ ಕಡಲು ಕುಣಿಯುತ್ತಿದ್ದರೂ ಅಲ್ಲಿ ನೀರು ಎಣ್ಣೆಯ ಹಾಗೆ ನಯ. ಮೊದಲು ಗಾಳಿ ಬೀಳುತ್ತದೆ, ಹಾಯಿ ಒದ್ದೆ ಪಂಚೆಯ ಹಾಗೆ ಜೋತು ಬೀಳುತ್ತದೆ, ಮೇಲೆ ಹಕ್ಕಿ ಇರುವುದಿಲ್ಲ, ಆಮೇಲೆ ಯಾರೂ ಹುಟ್ಟು ಹಾಕದೆಯೇ ದೋಣಿ ತನ್ನಷ್ಟಕ್ಕೆ ತಿರುಗತೊಡಗುತ್ತದೆ. ಆ ಬಾಯಿ ಇವತ್ತು ಇಲ್ಲಿದ್ದರೆ ನಾಳೆ ಇನ್ನೊಂದು ಕಡೆ. ಹೋದ ದೋಣಿಯ ಒಂದು ಹಲಗೆ ಕೂಡ ದಡಕ್ಕೆ ಬಂದದ್ದಿಲ್ಲವಂತೆ.

ಹೆಣವೇ ಬರದಿದ್ದರೆ ಕ್ರಿಯೆ ಮಾಡುವುದು ಹೇಗೆ? ಅದಕ್ಕೆ ಊರಿನ ಹಿರಿಯರು ಒಂದು ಕಟ್ಟಳೆ ಮಾಡಿದ್ದರು. ತೆಂಗಿನ ಗರಿಯಲ್ಲಿ ಬೊಂಬೆ ಕಟ್ಟಿ, ಹೋದವನ ಪಂಚೆ ಉಡಿಸಿ, ಮರಳಿನ ಮೇಲೆ ಸುಡಬೇಕು. ಹೆಂಡತಿಯ ಬಳೆ ಅಲ್ಲೇ ಒಡೆಯಬೇಕು. ಅದೂ ಬೇಗ ಆಗಬೇಕು, ತಡ ಮಾಡುವಂತಿಲ್ಲ. ಯಾಕೆಂದರೆ ಕ್ರಿಯೆ ಕಾಣದ ಸತ್ತವರನ್ನು ಹೆಬ್ಬಾಯಿ ಅದೇ ಮುಖದಲ್ಲಿ ದಡಕ್ಕೆ ಕಳಿಸುತ್ತದೆ, ಅವರು ಬಂದು ಇನ್ನಷ್ಟು ಜನರನ್ನು ಕರೆದುಕೊಂಡು ಹೋಗುತ್ತಾರೆ ಅಂತ ನಂಬಿಕೆ. ನಗಬೇಡಿ. ಕಡಲಿಗೆ ಗಂಡಸರನ್ನು ಕಳಿಸಿ ದಡದಲ್ಲಿ ಕಾದವರ ಭಯ ಅದು, ಗದ್ದೆಯವರಿಗೆ ತಿಳಿಯುವಂಥದ್ದಲ್ಲ.

ಈ ಊರಿನಲ್ಲಿ ಜಟ್ಟಿ ತಾಂಡೇಲ ಅಂತ ಒಬ್ಬ ಇದ್ದ. ತಾಂಡೇಲ ಅಂದರೆ ದೋಣಿಗೆ ದಿಕ್ಕು ಹೇಳುವವನು. ಅವನ ಹೆಂಡತಿ ಬೀರಮ್ಮ. ಒಂದು ದಿನ ಜಟ್ಟಿ ಮೂವರು ಜೊತೆಗಾರರ ಜೊತೆ ಬಲೆ ಬೀಸಲು ಹೋದ. ಬೋಳುಗಲ್ಲಿನ ಆಚೆ ಅವನ ಹಾಯಿ ಜೋತು ಬಿದ್ದದ್ದನ್ನು ಬೇರೆ ದೋಣಿಯವರು ಕಂಡರು. ಕಂಡವರು ಬಿರಬಿರನೆ ಹುಟ್ಟು ಹಾಕಿಕೊಂಡು ದಡಕ್ಕೆ ಓಡಿ ಬಂದರು. ಸರಿ, ನಾಲ್ಕು ಬೊಂಬೆ ಕಟ್ಟಿದರು, ನಾಲ್ಕೂ ಸುಟ್ಟರು. ಬೀರಮ್ಮನ ಕೈಯ ಹಸಿರು ಬಳೆಗಳನ್ನು ಒಂದು ಕಲ್ಲಿಗೆ ಕುಟ್ಟಿದರು. ಅವಳು ಅತ್ತಳಂತೆ, ಮೂರ್ಛೆ ಹೋದಳಂತೆ, ಎದ್ದು ಮತ್ತೆ ಅತ್ತಳಂತೆ.

ಬೂದಿಯನ್ನು ಅಲೆ ಇನ್ನೂ ಪೂರ್ತಿ ಒಯ್ದಿರಲಿಲ್ಲ. ಒಂದು ಬೆಳಿಗ್ಗೆ ನೀರಿನಿಂದ ಜಟ್ಟಿ ಎದ್ದು ಬಂದ.

ಹೇಗೆ ಬಂದ ಅಂತ ಕೇಳಿದರೆ ಒಬ್ಬೊಬ್ಬರು ಒಂದೊಂದು ಹೇಳುತ್ತಾರೆ. ಆಮೆ ಹೊತ್ತು ತಂದಿತಂತೆ. ಹೆಬ್ಬಾಯಿಗೇ ಅವನು ರುಚಿಸದೆ ಉಗುಳಿತಂತೆ. ಆಡುವವರ ಬಾಯಿಗೆ ಬೀಗ ಉಂಟೇ? ಒಂದು ಮುರಿದ ಹುಟ್ಟನ್ನು ಅಪ್ಪಿಕೊಂಡು, ಮೈಯೆಲ್ಲ ಉಪ್ಪು ತಿಂದು, ತುಟಿ ಒಡೆದು, ಮೊಣಕಾಲುದ್ದ ನೀರಿನಲ್ಲಿ ನಿಂತ ಅಂತಷ್ಟೇ ನನಗೆ ಗೊತ್ತು. ಜೊತೆಗಾರರು ಯಾರೂ ಇರಲಿಲ್ಲ. ಅವನು ಕೇಳಿದ್ದು ಒಂದೇ.

"ಒಂದು ಬಟ್ಲು ಗಂಜಿ ಕೊಡ್ರಾ."

ಯಾರೂ ಅಲ್ಲಾಡಲಿಲ್ಲ. ಕೈಯಲ್ಲಿ ಕಲ್ಲು ಹಿಡಿದವರೂ ಇದ್ದರಂತೆ. ಅವನು ಮತ್ತೆ ಕೇಳಿದ, ಹೆಸರು ಹಿಡಿದು ಕರೆದ. ಹೆಸರು ಹಿಡಿದು ಕರೆದದ್ದೇ ತಪ್ಪಾಯಿತು, ಕರೆದುಕೊಂಡು ಹೋಗಲು ಬಂದವನೇ ಇವನು ಅಂತ ಜನ ಇನ್ನಷ್ಟು ಹಿಂದೆ ಸರಿದರು. ಕೊನೆಗೆ ಕೇರಿಯ ಯಜಮಾನ ಸಣ್ಕೂಸ ಬೀರಮ್ಮನನ್ನು ಮುಂದಕ್ಕೆ ಕರೆಸಿದ.

"ಮಗಾ ಬೀರಮ್ಮಾ, ನೋಡಿ ಹೇಳು. ಇವ ನಿನ್ನ ಗಂಡ ಹೌದೋ, ಅಲ್ದೋ?"

ಬೀರಮ್ಮ ನೋಡಿದಳು. ಜಟ್ಟಿ ತಲೆಯನ್ನು ಒಂದು ಕಡೆಗೆ ವಾಲಿಸಿ, ಅಂಗೈಯಿಂದ ಕಿವಿ ತಟ್ಟಿಕೊಂಡು, ಒಳಗೆ ಹೊಕ್ಕ ನೀರು ಇಳಿಸುತ್ತಿದ್ದ. ದಿನಾ ಮನೆಯ ಜಗಲಿಯಲ್ಲಿ ನಿಂತು ಹಾಗೇ ಮಾಡುತ್ತಿದ್ದ. ಅವಳು ಗುರುತು ಹಿಡಿದಳು. ಇಲ್ಲಿ ನಾನು 'ಅಂತೆ' ಅನ್ನುವುದಿಲ್ಲ, ಗುರುತು ಹಿಡಿದಳು.

ಆದರೆ ಅವಳ ಪಕ್ಕದಲ್ಲಿ ಆ ಮೂವರು ಜೊತೆಗಾರರ ಹೆಂಡತಿಯರು ಬೋಳು ಕೈಯಲ್ಲಿ ನಿಂತು ಅವಳ ಬಾಯನ್ನೇ ನೋಡುತ್ತಿದ್ದರು. ಹೌದು ಅಂದರೆ ಸುಟ್ಟದ್ದು ಸುಳ್ಳಾಗುತ್ತದೆ, ಕಟ್ಟಳೆ ಮುರಿಯುತ್ತದೆ, ಇವನ ಬದಲಿಗೆ ಹೆಬ್ಬಾಯಿ ಇನ್ನು ಯಾರ ಮನೆಯವನನ್ನು ಕೇಳುತ್ತದೋ. ಅಲ್ಲ ಅನ್ನಲು ನಾಲಿಗೆ ಏಳಲಿಲ್ಲ. ಬೀರಮ್ಮ ತಲೆ ತಗ್ಗಿಸಿದಳು. ಅಷ್ಟೇ ಅವಳು ಮಾಡಿದ್ದು. ಊರಿಗೆ ಅಷ್ಟು ಸಾಕಾಯಿತು.

ಜಟ್ಟಿ ಅವಳನ್ನು ಒಂದು ಗಳಿಗೆ ನೋಡಿದನಂತೆ. ಮುರಿದ ಹುಟ್ಟು ಎತ್ತಿಕೊಂಡು ತಿರುಗಿ ನೀರಿಗೆ ಇಳಿದ, ಬೋಳುಗಲ್ಲಿನ ಕಡೆಗೆ ಈಜಿದ.

ಅಲ್ಲಿಂದ ಮುಂದೆ ಅವನು ಆ ಬಂಡೆಯ ಮೇಲೇ ಇದ್ದನಂತೆ. ಬಂಡೆಯ ಸೀಳಿನಲ್ಲಿ ಸಿಹಿನೀರಿನ ಒಂದು ಒರತೆ ಇತ್ತಂತೆ. ಅದೇ ಕಾಲಕ್ಕೆ ಊರ ದಡದಿಂದ ಒಂದು ಹಳೆಯ ಪುಟ್ಟ ದೋಣಿ ಕಾಣೆಯಾಯಿತು, ಅದನ್ನು ಯಾರೂ ಹುಡುಕಲೂ ಇಲ್ಲ. ಆಮೇಲೆ ಏನಾಯಿತು ಅಂದರೆ, ಬಲೆಗೆ ಹೋದ ದೋಣಿ ಹೆಬ್ಬಾಯಿಯ ಹತ್ತಿರ ಹೋದಾಗೆಲ್ಲ ಆ ಪುಟ್ಟ ದೋಣಿ ಅಡ್ಡ ಬರುತ್ತಿತ್ತು. ಉದ್ದ ಗಡ್ಡದ ಜಟ್ಟಿ ಎದ್ದು ನಿಂತು ಕೈ ಬೀಸುತ್ತಿದ್ದ. ಸತ್ತ ತಾಂಡೇಲ ಕರೆಯಲು ಬಂದ ಅಂತ ಇವರು ಜೀವ ಕೈಯಲ್ಲಿ ಹಿಡಿದು ದಡಕ್ಕೆ ಓಡುತ್ತಿದ್ದರು. ಅವನು 'ಹೋಗಿ' ಅಂತ ಬೀಸುತ್ತಿದ್ದ, ಇವರು 'ಬನ್ನಿ' ಅಂತ ತಿಳಿಯುತ್ತಿದ್ದರು. ಹೇಗಾದರೂ ಆಗಲಿ, ಓಡಿದವರು ಬದುಕಿದರು.

ವರುಷಗಳು ಹೋದವು. ಕಲ್ಲಕೇಣಿಯ ಒಂದು ದೋಣಿಯೂ ಹೆಬ್ಬಾಯಿಯ ಪಾಲಾಗಲಿಲ್ಲ. ಅವನು ಬದುಕಿದ್ದಾನೆ, ತಮ್ಮನ್ನು ಕಾಯುತ್ತಿದ್ದಾನೆ ಅಂತ ಊರಿಗೆ ನಿಧಾನವಾಗಿ ತಿಳಿಯಿತು, ಆದರೆ ಬಾಯಿ ಬಿಟ್ಟು ಹೇಳುವವರು ಯಾರು? ಹೇಳಿದರೆ ಬದುಕಿದ್ದವನನ್ನು ಸುಟ್ಟೆವು ಅಂತ ಒಪ್ಪಬೇಕು. ಬಿಸಿ ತುಪ್ಪ, ನುಂಗುವ ಹಾಗೂ ಇಲ್ಲ, ಉಗುಳುವ ಹಾಗೂ ಇಲ್ಲ.

ಬೀರಮ್ಮನಿಗೆ ಮಾತ್ರ ಒಂದು ದಾರಿ ಸಿಕ್ಕಿತು. ಸತ್ತ ಗಂಡನಿಗೆ ಅಮಾವಾಸ್ಯೆಗೆ ಎಡೆ ಇಡುವುದನ್ನು ಯಾರು ಬೇಡ ಅಂದಾರು? ಅವಳು ಗಂಜಿ ಬೇಯಿಸಿ, ಒಣಮೀನು ಸುಟ್ಟು, ಮಡಕೆಯಲ್ಲಿಟ್ಟು, ನೀರು ಇಳಿದಾಗ ಅತ್ತೆಯ ಮನೆಯ ದೋಣಿಯಲ್ಲಿ ಬೋಳುಗಲ್ಲಿನ ತುದಿಗೆ ಹೋಗಿ ಇಟ್ಟು ಬರುತ್ತಿದ್ದಳು. ಬೇರೆಯವರ ಎಡೆಯನ್ನು ಕಾಗೆ ಮುಟ್ಟಿದರೆ ಸಮಾಧಾನ. ಅವಳ ಮಡಕೆ ಮಾತ್ರ ಪ್ರತಿಸಲ ಚೆನ್ನಾಗಿ ತೊಳೆದು, ಬೋರಲಾಗಿ ಕವುಚಿಟ್ಟು ಇರುತ್ತಿತ್ತು. ಅವಳು ಅದನ್ನು ಮಡಿಲಲ್ಲಿಟ್ಟುಕೊಂಡು ಮನೆಗೆ ಬರುತ್ತಿದ್ದಳು. ಒಬ್ಬರನ್ನೊಬ್ಬರು ಕಂಡರೋ, ಮಾತಾಡಿದರೋ, ಯಾರಿಗೂ ಗೊತ್ತಿಲ್ಲ. ಆಡಿಲ್ಲ ಅಂತಲೇ ನನಗೆ ಅನ್ನಿಸುತ್ತದೆ. ಯಾವ ಮುಖದಿಂದ ಆಡಿಯಾಳು?

ಮಳೆಗಾಲ ಹತ್ತಿರ ಬಂದ ಒಂದು ದಿನ ಸಣ್ಕೂಸನ ಇಬ್ಬರು ಗಂಡುಮಕ್ಕಳ ದೋಣಿಯನ್ನು ಗಾಳಿ ಬೋಳುಗಲ್ಲಿನ ಆಚೆಗೆ ತಳ್ಳಿಕೊಂಡು ಹೋಯಿತು. ಎಣ್ಣೆನೀರಿಗೆ ಬಿತ್ತು, ಹಾಯಿ ಜೋತಿತು, ದೋಣಿ ತಿರುಗತೊಡಗಿತು. ಆಗ ಪುಟ್ಟ ದೋಣಿ ಸೀದಾ ಒಳಗೇ ಬಂತು. ಜಟ್ಟಿ ತನ್ನ ಹುಟ್ಟನ್ನು ಅವರ ದೋಣಿಗೆ ಆನಿಸಿ, ಇದ್ದ ಬಲವನ್ನೆಲ್ಲ ಹಾಕಿ ಹೊರಗೆ ದೂಡಿದ. ಅವರ ದೋಣಿ ಅಲೆಯ ನೀರಿಗೆ ಬಂತು. ದೂಡಿದ ಬಲಕ್ಕೆ ಅವನದು ಇನ್ನಷ್ಟು ಒಳಗೆ ಹೋಯಿತು.

ಊರವರು ದಡದಲ್ಲಿ ಕಾದರು. ಒಮ್ಮೆ ಬಂದವನು ಮತ್ತೆ ಬಂದಾನು ಅಂತ ಆಸೆ. ಅಮಾವಾಸ್ಯೆ ಅಲ್ಲದಿದ್ದರೂ ಬೀರಮ್ಮ ಗಂಜಿಯ ಮಡಕೆ ಇಟ್ಟು ಬಂದಳು. ಮರುದಿನ ಹೋಗಿ ನೋಡಿದರೆ ಗಂಜಿ ಹಾಗೇ ಹುಳಿತು ಕೂತಿತ್ತು, ಅಂಚಿನ ಮೇಲೆ ಕಾಗೆ ಕೂತು ಕುಕ್ಕುತ್ತಿತ್ತು. ಮಡಕೆಯನ್ನು ಯಾರೂ ತೊಳೆದಿರಲಿಲ್ಲ. ಆಗ ಅವಳಿಗೆ ತಿಳಿಯಿತು.

ಸಣ್ಕೂಸ ಅಳುತ್ತ ಬಂದು, ಊರೆಲ್ಲ ಸೇರಿ ದೊಡ್ಡದಾಗಿ ಕ್ರಿಯೆ ಮಾಡುತ್ತೇವೆ ಅಂದ. ಬೀರಮ್ಮ ಆ ಹುಳಿತ ಮಡಕೆಯನ್ನು ಅವನ ಮುಂದೆ ಇಟ್ಟಳು.

"ಒಂದ್ಸಲ ಸುಟ್ಟಾಯ್ತಲ್ರಾ, ಯಜಮಾನ್ರೇ. ಇನ್ನೆಂತ ಸುಡ್ತ್ರಿ? ಬದುಕಿದ್ದವ್ನಿಗೆ ನನ್ನ ಬಳೆ ಒಡೆದ್ರಿ. ಸತ್ತವ್ನಿಗೆ ಈಗ ತೊಡ್ಸಿ."

ಸಣ್ಕೂಸನ ಹಿರಿಯ ಸೊಸೆ, ಗಂಡ ಬದುಕಿ ಬಂದವಳು, ಎದ್ದು ಬಂದು ತನ್ನ ಕೈಯಿಂದ ಒಂದು ಹಸಿರು ಬಳೆ ತೆಗೆದು ಬೀರಮ್ಮನ ಕೈಗೆ ಏರಿಸಿದಳು. ಬಳೆ ಸಣ್ಣದು, ಗೆಣ್ಣು ತರಚಿ ರಕ್ತ ಬಂತು. ಬೀರಮ್ಮ ಕೈ ಹಿಂದಕ್ಕೆ ತೆಗೆಯಲಿಲ್ಲ. ಸಾಯುವವರೆಗೆ ಆ ಬಳೆ ಕೈಯಲ್ಲೇ ಇತ್ತಂತೆ.

ಅಂದಿನಿಂದ ಕಲ್ಲಕೇಣಿಯಲ್ಲಿ ಗರಿಯ ಬೊಂಬೆ ಸುಡುವುದಿಲ್ಲ. ಕಡಲಿಗೆ ಹೋದವನು ಬಾರದಿದ್ದರೆ ಹೆಂಡತಿಯ ಬಳೆ ಒಡೆಯುವುದಿಲ್ಲ, ಕೇರಿಯ ಹೆಂಗಸರು ತಮ್ಮ ಕೈಯ ಒಂದೊಂದು ಬಳೆ ತೆಗೆದು ಅವಳಿಗೆ ತೊಡಿಸುತ್ತಾರೆ. ಅವು ತಾವಾಗಿ ಒಡೆದ ದಿನ ಒಡೆಯಲಿ.

ಇನ್ನೊಂದು ಇದೆ, ನೀವೂ ನೋಡಿರುತ್ತೀರಿ. ನಮ್ಮ ದಡದ ಗುಡಿಸಲಿನಲ್ಲಿ ಯಾವಾಗಲೂ ಒಂದು ಮಡಕೆ ಗಂಜಿ ಇಟ್ಟಿರುತ್ತದೆ. ನೀರಿನಿಂದ ಯಾರೇ ಎದ್ದು ಬರಲಿ, ನಮ್ಮವನಿರಲಿ, ಪರದೇಶದವನಿರಲಿ, ಮನುಷ್ಯನೋ ಅಲ್ಲವೋ ಅಂತ ಅನುಮಾನವೇ ಇರಲಿ, ಯಾರು ಅಂತ ನಾವು ಕೇಳುವುದಿಲ್ಲ. ಮೊದಲು ಗಂಜಿ ಕೊಡುತ್ತೇವೆ.