ಹನ್ನೆರಡು ಬೀಜದ ಗಂಟು

ಹೊಳೆಯ ದಂಡೆಯ ಮೇಲೆ ಒಬ್ಬ ಅಜ್ಜಾರು ಇದ್ದರು. ಜನ ಅವರನ್ನು ಹೊಳೆಯಜ್ಜ ಅಂತಲೇ ಕರೆಯುತ್ತಿದ್ದರು. ಅವರ ಮಠಕ್ಕೆ ಬಾಗಿಲಿರಲಿಲ್ಲ, ಹುಂಡಿಯೂ ಇರಲಿಲ್ಲ.

ಬಂದವರಿಗೆಲ್ಲ ಒಂದು ಚಿಟಿಕೆ ವಿಭೂತಿ, ಒಂದು ಬಾಳೆಹಣ್ಣು, ಒಂದು ಮಾತು ಸಿಗುತ್ತಿತ್ತು. ಮಾತೂ ದೊಡ್ಡದೇನಲ್ಲ. "ಊಟ ಆತೇನು?" ಎಂದು ಕೇಳುತ್ತಿದ್ದರು, ಅಷ್ಟೆ. ಅದನ್ನು ಕೇಳಿಸಿಕೊಳ್ಳಲಿಕ್ಕೇ ಜನ ಮೂರು ಹರದಾರಿ ನಡೆದು ಬರುತ್ತಿದ್ದರು.

ಅಲ್ಲಿಗೆ ಒಂದು ದಿನ ಇಂದುಧರ ಬಂದ.

ಹುಬ್ಬಳ್ಳಿಯ ಒಂದು ಕಂಪನಿಯಲ್ಲಿ ಮೊಬೈಲ್ ಆಟಗಳಿಗೆ ಅಂಗಡಿ ಕಟ್ಟುವುದು ಅವನ ಕಸುಬು. ಇಟ್ಟಿಗೆ ಗಾರೆಯ ಅಂಗಡಿಯಲ್ಲ, ಆಟದ ಒಳಗೇ ಇರುವ ಅಂಗಡಿ. ಆಟ ಪುಕ್ಕಟೆ, ಅಂಗಡಿ ಪುಕ್ಕಟೆಯಲ್ಲ. ಪುಕ್ಕಟೆ ಅಂತ ಬಂದವನು ಜೇಬಿಗೆ ಕೈ ಹಾಕುವ ಹಾಗೆ ಮಾಡುವುದರಲ್ಲಿ ಇಂದುಧರನದು ಎತ್ತಿದ ಕೈ.

ಅಡ್ಡಬಿದ್ದು ಎದ್ದವನೇ ತನ್ನ ಕಥೆ ಹೇಳಿಕೊಂಡ. ಅವನ ಆಟಕ್ಕೆ ಒಬ್ಬ ಆಟಗಾರ್ತಿ ಇದ್ದಳಂತೆ. ಮೂರು ವರ್ಷದಲ್ಲಿ ನಾಲ್ಕು ಲಕ್ಷ ಸುರಿದಿದ್ದಳಂತೆ. ಒಂದು ದಿನ ಅವಳು ಕಂಪನಿಗೆ ಬರೆದಳು: ದಯವಿಟ್ಟು ನನ್ನ ಆಟ ಬಂದ್ ಮಾಡಿಬಿಡಿ, ನನ್ನ ಕೈ ನನ್ನ ಮಾತು ಕೇಳುತ್ತಿಲ್ಲ.

ಆ ಪತ್ರ ಇಂದುಧರನ ಮೇಜಿಗೆ ಬಂತು. ಅವನು ಅವಳಿಗೆ ಆಟದ ಅಂಗಡಿಯಲ್ಲಿ ರೊಕ್ಕದ ಬದಲು ನಡೆಯುವ ಐವತ್ತು ರತ್ನಗಳನ್ನು ಉಡುಗೊರೆಯಾಗಿ ಕಳಿಸಿದ. ಅವಳು ಮತ್ತೆ ಆಡಿದಳು, ಮತ್ತೆ ಸುರಿದಳು. ಆಫೀಸಿನಲ್ಲಿ ಅವನ ಹೆಸರಿನಲ್ಲಿ ಪೇಡೆ ಹಂಚಿದರು.

ಅಂದಿನಿಂದ ಪೇಡೆ ಕಂಡರೆ ಅವನು ದಾರಿ ಬದಲಿಸುತ್ತಿದ್ದ. ಧಾರವಾಡದ ಪಕ್ಕದಲ್ಲೇ ಇರುವವನಿಗೆ ಇದು ಸಣ್ಣ ಕಷ್ಟವಲ್ಲ.

ಈಗ ಕಂಪನಿ ಅವನನ್ನು ಎಲ್ಲ ಅಂಗಡಿಗಳಿಗೂ ಯಜಮಾನನನ್ನಾಗಿ ಮಾಡುತ್ತೇನೆ ಅನ್ನುತ್ತಿತ್ತು. ಹದಿನೈದು ದಿನದಲ್ಲಿ ಹೂಂ ಅನ್ನಬೇಕು, ಇಲ್ಲವೇ ಊಹೂಂ ಅನ್ನಬೇಕು.

"ನಾ ಯಾರಿಗೂ ಜುಲುಮಿ ಮಾಡಿಲ್ರಿ ಅಜ್ಜಾರ," ಎಂದ ಇಂದುಧರ. "ಅಂಗಡಿ ಇಟ್ಟೇನಿ, ಬಂದಾರ, ಕೊಟ್ಟಾರ. ನನ್ನ ಮ್ಯಾಲ ದೋಷ ಐತೋ ಇಲ್ಲೋ, ಅಷ್ಟ ಹೇಳ್ರಿ."

ಅಜ್ಜಾರು ತಲೆ ಕೆರೆದುಕೊಂಡರು. "ನನಗ ಆಟಾನೂ ಗೊತ್ತಿಲ್ಲ, ಅಂಗಡೀನೂ ಗೊತ್ತಿಲ್ಲ. ಇಲ್ಲೊಂದು ಕಟ್ಟಿ ತೋರಸು. ನೋಡಿ ಹೇಳತೇನಿ."

"ಮಠದಾಗೇನ್ರಿ?"

"ಯಾಕ, ಇಲ್ಲಿಗೆ ಜನಾ ಬರಂಗಿಲ್ಲೇನು?"

ಇಂದುಧರನಿಗೆ ಮೊದಲು ಮುಜುಗರವಾಯಿತು. ಆಮೇಲೆ, ಹೇಳಬಾರದು, ಕೈ ತುರಿಸತೊಡಗಿತು. ಕಸುಬುದಾರನ ಕೈ ಸ್ಮಶಾನದಲ್ಲೂ ಸುಮ್ಮನಿರುವುದಿಲ್ಲ.

ಏನು ಮಾರುತ್ತೀ ಎಂದು ಅಜ್ಜಾರು ಕೇಳಿದ್ದಕ್ಕೆ, ಇರುವುದನ್ನೇ ಮಾರುವುದು ಎಂದ. ಮೊದಲು ಪುಕ್ಕಟೆ ಕೊಡುವುದನ್ನು ನಿಲ್ಲಿಸಬೇಕು. ಜನ ಕಾಯಬೇಕು. ಕಾದು ಕಾದು ಸಾಕಾದಾಗ, ಕಾಯುವುದು ಬೇಡವಾದರೆ ಇಲ್ಲಿ ಬನ್ನಿ ಅನ್ನಬೇಕು.

"ಅಂದ್ರ ಬಾಗಲಾ ನಾವ ಹಾಕಿ, ತಗಿಯೂ ಕೂಲಿ ನಾವ ಇಸಗೋಬೇಕು."

"ಹೌದ್ರಿ. ನೀವು ಲಗೂ ಕಲತೀರಿ."

ವಿಭೂತಿ, ಸಕ್ಕರೆ, ಬಾಳೆಹಣ್ಣು ಎಲ್ಲವನ್ನೂ ಸಣ್ಣ ಬಟ್ಟೆಯ ಗಂಟುಗಳಲ್ಲಿ ಕಟ್ಟುವುದೆಂದು ತೀರ್ಮಾನವಾಯಿತು. ಯಾವ ಗಂಟಿನಲ್ಲಿ ಏನಿದೆ ಯಾರಿಗೂ ಗೊತ್ತಾಗಬಾರದು. ನಲವತ್ತರಲ್ಲಿ ಒಂದರೊಳಗೆ ಒಂದು ಚೀಟಿ. ಚೀಟಿ ಸಿಕ್ಕವರನ್ನು ಮಾತ್ರ ಅಜ್ಜಾರು ಮಾತಾಡಿಸುತ್ತಾರೆ.

ಗಂಟಿಗೆ ರೊಕ್ಕ ಕೊಡುವಂತಿಲ್ಲ. ಹುಣಸೆಬೀಜ ಕೊಡಬೇಕು. ಹತ್ತು ರೂಪಾಯಿಗೆ ಹತ್ತು ಬೀಜ. ಗಂಟಿಗೆ ಹನ್ನೆರಡು ಬೀಜ.

ನಡುವೆ ಈ ಬೀಜವೇಕೆ ಎಂಬುದು ಅಜ್ಜಾರಿಗೆ ಹೊಳೆಯಲಿಲ್ಲ.

"ರೊಕ್ಕಾ ಕೊಡೋ ಮುಂದ ಮನಸ್ಸಿಗೆ ಚುಚ್ಚತೈತ್ರಿ. ಬೀಜಾ ಚುಚ್ಚಂಗಿಲ್ಲ."

"ಹತ್ತು ಮಾರಿ ಹನ್ನೆರಡು ಕೇಳತಿಯಲ್ಲ?"

"ಎರಡು ಸಲ ಕೊಂಡ್ರ ಇಪ್ಪತ್ತು ಆಗತಾವ. ಗಂಟಿಗೆ ಹನ್ನೆರಡು ಹೋದ್ರ ಎಂಟು ಉಳೀತಾವ. ಎಂಟಕ್ಕ ಏನೂ ಬರಂಗಿಲ್ಲ, ಒಗಿಯಾಕೂ ಮನಸ್ಸಾಗಂಗಿಲ್ಲ. ಮತ್ತ ಬರತಾರ."

ಅಜ್ಜಾರು ಬೆರಳು ಮಡಿಸಿ ಎಂಟು ಎಣಿಸಿದರು. ಆಮೇಲೆ, ಎಲ್ಲರೂ ಕೊಳ್ಳುತ್ತಾರೇನು ಎಂದು ಕೇಳಿದರು. ಇಲ್ಲ ಎಂದ ಇಂದುಧರ. ನೂರು ಜನರಲ್ಲಿ ತೊಂಬತ್ತೆಂಟು ಜನ ಬಿಡಿಗಾಸೂ ಬಿಚ್ಚುವುದಿಲ್ಲ. ಉಳಿದ ಇಬ್ಬರಿಂದಲೇ ಅಂಗಡಿ ನಡೆಯುತ್ತದೆ. ಅಂಥವರನ್ನು ಅವರ ಕಸುಬಿನಲ್ಲಿ ತಿಮಿಂಗಿಲ ಅನ್ನುತ್ತಾರೆ.

"ಎದುರಿಗೂ ಹಂಗ ಅಂತೀರೇನು?"

"ಎದುರಿಗೆ ವಿಐಪಿ ಅಂತೇವ್ರಿ."

ಅಜ್ಜಾರು ಹೊಟ್ಟೆ ಹಿಡಿದುಕೊಂಡು ನಕ್ಕರು. ಇಷ್ಟೆಲ್ಲ ಆದ ಮೇಲೆ ತನ್ನ ಕೆಲಸವೇನು ಎಂದು ಕೇಳಿದರು. ಬಾಯಿ ಮುಚ್ಚಿಕೊಂಡು ಕೂಡ್ರಬೇಕು ಎನ್ನಹೋಗಿ ಇಂದುಧರ ನಾಲಿಗೆ ಕಚ್ಚಿಕೊಂಡ. ಮೌನ ಆಚರಿಸಬೇಕು ಎಂದ.

ಮರುದಿನದಿಂದ ಅಜ್ಜಾರು ಪರದೆಯ ಹಿಂದೆ ಕೂತು ಮೌನ ಹಿಡಿದರು. ಸಾರಿಗೆ ಉಪ್ಪಿಲ್ಲದ ದಿನವೂ ಚೀಟಿಯಿಲ್ಲದೆ ಬಾಯಿ ಬಿಡಲಿಲ್ಲ.

ಅಂಗಡಿ ಮೊದಲ ದಿನವೇ ಮುಗ್ಗರಿಸಿತು. ಜನ ಮಠದಲ್ಲಿ ಬೀಜ ಕೊಳ್ಳಲೇ ಇಲ್ಲ. ತಮ್ಮ ತಮ್ಮ ಮನೆಯ ಹುಣಸೆಹಣ್ಣು ಕುಟ್ಟಿ ಸೇರುಗಟ್ಟಲೆ ಬೀಜ ತಂದು ಸುರಿದರು. ಒಬ್ಬ ಎತ್ತಿನ ಗಾಡಿಯಲ್ಲೇ ತಂದ. ಕಂಪ್ಯೂಟರಿನಲ್ಲಿ ರತ್ನ ಮಾಡಿದವನಿಗೆ, ರತ್ನ ಗಿಡದಲ್ಲೂ ಬಿಡುತ್ತದೆ ಎಂಬುದು ತಲೆಗೆ ಬಂದಿರಲಿಲ್ಲ.

ಆ ಸಂಜೆ ಇಂದುಧರ ಅರಿಶಿನಕ್ಕೆ ಸುಣ್ಣ ಕಲಸಿ ತನ್ನ ಬೀಜಗಳಿಗೆ ಕೆಂಪು ಬಳಿದ. ಕೆಂಪು ಬೀಜ ಮಾತ್ರ ನಡೆಯುತ್ತದೆ, ಚೀಟಿ ಇದ್ದವರಿಗೆ ಮಾತ್ರ ಅಜ್ಜಾರ ಮಾತು ಎಂದು ಹಲಗೆ ಹಾಕಿದ. ಕೆಳಗೆ "ಇವತ್ತು ಮಾತ್ರ" ಎಂದೂ ಬರೆದ. ಆ ಹಲಗೆ ದಿನಾಲೂ ಹಾಗೇ ಇತ್ತು.

ಆಮೇಲೆ ಅಂಗಡಿ ಕುದುರಿತು. ಕುದುರಿಸಿದವಳು ಕಾಶವ್ವ.

ಕಾಶವ್ವ ಬಸ್‌ಸ್ಟ್ಯಾಂಡಿನ ಹತ್ತಿರ ಜೋಳದ ರೊಟ್ಟಿ ಮಾರುವಾಕೆ. ದಿನಕ್ಕೆ ಇನ್ನೂರು ರೊಟ್ಟಿ ಬಡಿಯುತ್ತಿದ್ದಳು. ಊರೆಲ್ಲ ಅವಳ ರೊಟ್ಟಿ ತಿನ್ನುತ್ತಿತ್ತು, ನೀನು ಉಂಡೆಯೇನವ್ವ ಎಂದು ಕೇಳುವ ಒಂದು ನರಪಿಳ್ಳೆಯೂ ಇರಲಿಲ್ಲ. ಅಜ್ಜಾರು ಕೇಳುತ್ತಿದ್ದರು. ಅದಕ್ಕೇ ಅವಳು ದಿನಾ ಮಧ್ಯಾಹ್ನ ಮಠಕ್ಕೆ ಬರುತ್ತಿದ್ದಳು. ಈಗ ಆ ಮಾತು ನಲವತ್ತರಲ್ಲಿ ಒಂದು ಗಂಟಿನೊಳಗೆ ಹೋಗಿ ಕೂತಿತ್ತು.

ಮೊದಲ ದಿನ ಒಂದು ಗಂಟು ಕೊಂಡಳು, ಸಕ್ಕರೆ ಬಂತು. ಮರುದಿನ ಎರಡು ಕೊಂಡಳು. ಐದನೆಯ ದಿನ ಚೀಟಿ ಬಂತು, ಅದೇ ಕೇಡಾಯಿತು. ಪರದೆಯೊಳಗೆ ಹೋಗಿ ಆ ಒಂದು ಮಾತು ಕೇಳಿಸಿಕೊಂಡು ಬಂದವಳು ಸಂಜೆಯ ತನಕ ಒಬ್ಬಳೇ ನಗುತ್ತಿದ್ದಳು. ಆಮೇಲೆ ದಿನಕ್ಕೆ ಏಳು, ಎಂಟು, ಹತ್ತು ಗಂಟು. ಸಕ್ಕರೆ ಬಂದರೆ ಸಕ್ಕರೆ, ವಿಭೂತಿ ಬಂದರೆ ವಿಭೂತಿ. ಹಣೆಯ ಮೇಲೆ ಜಾಗವಿಲ್ಲದಷ್ಟು ವಿಭೂತಿಯಾಯಿತು.

ಇಂದುಧರ ಅವಳಿಗೆಂದೇ ಮುಂದುಗಡೆ ಒಂದು ಚಾಪೆ ಹಾಸಿದ. ಬಂದಾಗ ಎದ್ದು ನಿಂತು ಬರ್ರಿ ಅವ್ವಾರ ಅನ್ನುತ್ತಿದ್ದ. ಕಾಶವ್ವನ ಜನ್ಮದಲ್ಲಿ ಯಾರೂ ಅವಳಿಗೆ ರೀ ಹಚ್ಚಿ ಮಾತಾಡಿರಲಿಲ್ಲ. ಅವಳಿಗೆ ಅದೂ ಹಿಡಿಸಿತು.

ಪೇಡೆಯ ಸಂಕಟವನ್ನು ಇಂದುಧರ ಮರೆತೇಬಿಟ್ಟ. ಕೆಲಸ ಚೆನ್ನಾಗಿ ನಡೆಯುವಾಗ ಯಾರಿಗೆ ಏನು ನೆನಪಿರುತ್ತದೆ.

ಹದಿನಾಲ್ಕನೆಯ ದಿನ ಕಾಶವ್ವ ಬಂದಳು. ಚಾಪೆಯ ಮೇಲೆ ಕೂರಲಿಲ್ಲ. ನೇರ ಅವನ ಹತ್ತಿರ ಬಂದು ದನಿ ತಗ್ಗಿಸಿದಳು.

"ತಮ್ಮಾ, ನಿನ್ನ ಕಾಲ ಬೀಳತೇನಿ. ನಾಳಿಂದ ನಾ ಬಂದ್ರ ನನಗ ಗಂಟು ಕೊಡಬ್ಯಾಡ. ಅತ್ತರೂ ಕೊಡಬ್ಯಾಡ, ಬೈದರೂ ಕೊಡಬ್ಯಾಡ. ಹಿಟ್ಟಿನ ರೊಕ್ಕಾ ಮುಗದೈತಿ."

ಇಂದುಧರನ ಬುದ್ಧಿ ಆ ಮಾತನ್ನು ಇನ್ನೂ ಕೇಳಿಸಿಕೊಳ್ಳುತ್ತಿತ್ತು. ಅವನ ಕೈ ಅಷ್ಟರಲ್ಲಿ ಕೆಲಸ ಮುಗಿಸಿತ್ತು. ಮೂರು ಕೆಂಪು ಬೀಜ ಎಣಿಸಿ ಅವಳ ಮುಂದೆ ಸರಿಸಿತ್ತು. ಬಾಯಿಯೂ ಹಿಂದೆ ಬೀಳಲಿಲ್ಲ. ಅವ್ವಾರಿಗೆ ಇವತ್ತು ಮೂರು ಬೀಜ ಪುಕ್ಕಟೆ ಎಂದಿತು.

ಕಾಶವ್ವ ಬೀಜ ನೋಡಿದಳು. ಅವಳ ಹತ್ತಿರ ನಿನ್ನೆಯ ಎಂಟು ಬೀಜ ಉಳಿದಿದ್ದವು. ಮೂರು ಸೇರಿ ಹನ್ನೊಂದಾದವು. ಹನ್ನೆರಡಕ್ಕೆ ಒಂದೇ ಒಂದು ಕಡಿಮೆ.

ಅವಳು ಸೆರಗಿನ ತುದಿ ಬಿಚ್ಚಿ ಕೊನೆಯ ಹತ್ತು ರೂಪಾಯಿ ಡಬ್ಬಿಗೆ ಹಾಕಿದಳು. ಗಂಟು ತೆಗೆದುಕೊಂಡು ಹೋಗಿ ಚಾಪೆಯ ಮೇಲೆ ಕೂತಳು.

ನಾಲ್ಕು ಕೊಡಬಹುದಿತ್ತು. ಇಂದುಧರನಿಗೆ ಮೊದಲು ಹೊಳೆದದ್ದು ಅದು. ನಾಲ್ಕು ಕೊಟ್ಟಿದ್ದರೆ ಅವಳ ಹತ್ತು ರೂಪಾಯಿ ಉಳಿಯುತ್ತಿತ್ತು. ಮೂರೇ ಯಾಕೆ ಎಂದು ಯಾರೂ ಅವನಿಗೆ ಹೇಳಿರಲಿಲ್ಲ. ಕೈಗೆ ಗೊತ್ತಿತ್ತು. ಅವನಿಗೆ ತನ್ನ ಕೈಯನ್ನು ನೋಡಿ ಹೆದರಿಕೆಯಾಯಿತು.

ಪರದೆಯೊಳಗೆ ಓಡಿದ. "ಅಜ್ಜಾರ, ಅಂಗಡಿ ಮುಚ್ಚತೇನ್ರಿ. ನನ್ನ ಜೋಡಿ ಮಾತಾಡ್ರಿ."

ಅಜ್ಜಾರು ಅಂಗೈ ಚಾಚಿದರು. ಚೀಟಿ.

ಇಂದುಧರ ಇದು ತನ್ನದೇ ಅಂಗಡಿ ಎಂದ. ಅಜ್ಜಾರು ಹೊರಗಿನ ಹಲಗೆಯ ಕಡೆ ಬೆರಳು ತೋರಿಸಿದರು. ನಿಯಮ ತಾನೇ ಬರೆದದ್ದು ಎಂದ. ಅದಕ್ಕೂ ಅಜ್ಜಾರು ತಲೆಯಾಡಿಸಿ ಒಪ್ಪಿದರು, ಚಾಚಿದ ಕೈ ಹಿಂದೆ ತೆಗೆಯಲಿಲ್ಲ.

ಸರಿ, ಹೊರಗೆ ಬಂದ. ಅಂದಿನ ನಲವತ್ತರಲ್ಲಿ ಹತ್ತು ಗಂಟು ಹೋಗಿ ಮೂವತ್ತು ಉಳಿದಿದ್ದವು. ಚೀಟಿ ಹಾಕಿ ಕಟ್ಟಿದವನು ತಾನೇ, ಆದರೆ ಕಣ್ಣು ಮುಚ್ಚಿ ಕಲಸಿಟ್ಟವನೂ ತಾನೇ. ಕಸುಬಿನಲ್ಲಿ ಅಷ್ಟು ಪ್ರಾಮಾಣಿಕ.

ಮೊದಲ ಎರಡು ಗಂಟಿಗೆ ಬೀಜ ಎಣಿಸಿಟ್ಟು ಬಿಚ್ಚಿದ. ಸಕ್ಕರೆ. ವಿಭೂತಿ. ಮೂರನೆಯದಕ್ಕೆ ಬೀಜ ಇಡಲು ಮರೆತ. ಹತ್ತನೆಯದನ್ನು ಹಲ್ಲಿನಿಂದ ಬಿಚ್ಚಿದ. ಲೆಕ್ಕ ಬಲ್ಲವನಾದರೂ ಪ್ರತಿ ಗಂಟಿಗೂ, ಇದರಲ್ಲಿ ಇದ್ದೇ ಇದೆ ಎಂದು ಎದೆ ಹಾರುತ್ತಿತ್ತು. ಮೂವತ್ತೂ ಮುಗಿದವು. ಇಂದುಧರ ಸಕ್ಕರೆಯ ನಡುವೆ ಕೂತಿದ್ದ, ಇರುವೆಗಳು ಆಗಲೇ ಅವನ ಕಡೆ ಹೊರಟಿದ್ದವು.

ಕಾಶವ್ವ ಚಾಪೆಯಿಂದ ಎದ್ದು ಬಂದಳು. ಅವಳ ಗಂಟು ಬಿಚ್ಚಿತ್ತು. ಕೈಯಲ್ಲಿ ಚೀಟಿ ಇತ್ತು.

ಅವಳು ಚೀಟಿ ನೋಡಿದಳು, ಅವನ ಮುಖ ನೋಡಿದಳು. ಹಿಟ್ಟು ಮೆತ್ತಿದ ಆ ಕೈ ಚೀಟಿಯನ್ನು ಅವನ ಮಡಿಲಿಗೆ ಹಾಕಿತು.

"ನೀ ಹೋಗಿ ಮಾತಾಡು ತಮ್ಮಾ. ನಿನ್ನ ಮಾರಿ ನೋಡಿದ್ರ ನನಗಿಂತಾ ನಿನಗ ಹೆಚ್ಚು ಬೇಕಾಗೈತಿ."

ಇಂದುಧರನಿಗೆ ಅಳು ಒತ್ತಿ ಬಂತು. ರೊಕ್ಕದ ಡಬ್ಬಿಯನ್ನೇ ಅವಳ ಮುಂದೆ ಸರಿಸಿ, ಚೀಟಿ ಹಿಡಿದುಕೊಂಡು ಒಳಗೆ ಹೋದ.

ಅಜ್ಜಾರು ಚೀಟಿ ಇಸಿದುಕೊಂಡು ತಿರುಗಿಸಿ ಮುರುಗಿಸಿ ನೋಡಿದರು. ಗಂಟಲು ಸರಿಮಾಡಿಕೊಂಡರು. ಆಮೇಲೆ ಅವನ ತಲೆಯ ಮೇಲಿಂದ ಹೊರಗೆ ಕೂಗಿದರು.

"ಕಾಶವ್ವಾ, ಊಟ ಆತೇನು?"

"ಇಲ್ರೀ ಅಜ್ಜಾರ," ಎಂದು ಹೊರಗಿನಿಂದ ಬಂತು. ನಗುವೋ ಅಳುವೋ ತಿಳಿಯಲಿಲ್ಲ.

"ಒಲೀ ಮ್ಯಾಲ ಸಾರೈತಿ, ಉಂಡ ಹೋಗು."

ಇಂದುಧರ ಪೆಚ್ಚಾದ. ಇದ್ದ ಒಂದು ಚೀಟಿಯೂ ಖರ್ಚಾಗಿಹೋಯಿತು ಎಂದುಕೊಂಡು ಏಳಹೋದ. ಅಜ್ಜಾರು ಭುಜ ಹಿಡಿದು ಕೂರಿಸಿದರು.

ಆಗ ಅವನ ಮಾತು ಕಟ್ಟೆಯೊಡೆಯಿತು. ಮೂರು ಬೀಜದ ಮಾತು ಹೇಳಿದ, ಐವತ್ತು ರತ್ನದ ಮಾತು ಹೇಳಿದ. ಎರಡೂ ಒಂದೇ ಕೈಯ ಕೆಲಸ ಎಂದ. ಆ ಆಟಗಾರ್ತಿಯ ಬಗ್ಗೆ ತನಗೆ ಗೊತ್ತಿದ್ದದ್ದನ್ನೆಲ್ಲ ಹೇಳಿದ. ಅವಳು ಬೆಳಿಗ್ಗೆ ಐದೂವರೆಗೆ ಆಟ ತೆರೆಯುತ್ತಾಳೆ. ಒಳಗೇನಿದೆ ತಿಳಿಯದ ಆಟದ ಪೆಟ್ಟಿಗೆಗಳಲ್ಲಿ ನೀಲಿ ಬಣ್ಣದ್ದಕ್ಕೆ ಬೇಗ ಮರುಳಾಗುತ್ತಾಳೆ. ತಿಂಗಳ ಒಂದನೆಯ ತಾರೀಖು ಹೆಚ್ಚು ಕೊಳ್ಳುತ್ತಾಳೆ, ಇಪ್ಪತ್ತರ ನಂತರ ಚಿಕ್ಕ ಪೆಟ್ಟಿಗೆ ತೋರಿಸಬೇಕು. ಎರಡು ಸಲ ಸೋತರೆ ತಾಳುತ್ತಾಳೆ, ಮೂರನೆಯ ಸಲ ಗೆಲ್ಲಿಸಬೇಕು. ಕಂಪನಿಯ ಪಟ್ಟಿಯಲ್ಲಿ ಅವಳದು ಎಪ್ಪತ್ತೊಂದು ಸಾವಿರದ ನಾನೂರ ಆರನೆಯ ನಂಬರು.

"ಈಗರೆ ಹೇಳ್ರಿ ಅಜ್ಜಾರ," ಎಂದ. "ನನ್ನ ಮ್ಯಾಲ ದೋಷ ಐತೋ, ಇಲ್ಲೋ?"

ಅಜ್ಜಾರು ಎದ್ದು ಪರದೆಯನ್ನು ಹಗ್ಗದಿಂದ ಬಿಚ್ಚಿದರು. ಮಡಿಚಿ ಅವನ ತೊಡೆಯ ಮೇಲಿಟ್ಟು, ಎದುರಿಗೇ ಕೂತರು.

"ಇಷ್ಟೆಲ್ಲಾ ಗೊತ್ತೈತಿ," ಎಂದರು. "ಆಕಿ ಹೆಸರೇನಪಾ?"